ಮೂರು ಮಹಡಿ, 56 ಮೆಟ್ಟಿಲು, ಲಿಫ್ಟ್ ಇಲ್ಲ: ತಾರಸಿಗೆ ಮಣ್ಣು ಸಾಗ್ಸೋದು ಹೇಗೆ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ಹನುಮಂತನಗರದಲ್ಲಿ ಬಾಡಿಗೆ ಮನೇಲಿದೀವಿ. ಕೆಳಗೆ ಓನರು, ಮೇಲಿನ ಎರಡು ಮಹಡಿ ಬಾಡಿಗೆ, ಅದರ ಮೇಲೆ 20ಕ್ಕೆ 15 ಅಡಿ ತಾರಸಿ ಖಾಲಿ ಬಿದ್ದಿದೆ. ಲಿಫ್ಟ್ ಇಲ್ಲ, ಮೆಟ್ಟಿಲು ಎಣಿಸಿದೀನಿ, 56 ಇವೆ. ಸೊಪ್ಪು, ಟೊಮೇಟೊ, ಬದನೆ, ಒಂದೆರಡು ಬಳ್ಳಿ ಅಂತ 30 ಗ್ರೋ ಬ್ಯಾಗ್ (ಗಿಡ ಬೆಳೆಸೋ ಚೀಲ) ಇಡೋ ಆಸೆ. ನರ್ಸರಿಯವರು 50 ಕೆಜಿದು 18 ಚೀಲ ಕೆಂಪು ಮಣ್ಣು ಬೇಕಾಗತ್ತೆ, ಒಂದು ಲಗೇಜ್ ಆಟೋಲಿ ಕಳ್ಸ್ತೀವಿ, ಗೇಟ್ ಹತ್ರ ಇಳ್ಸಿ ಹೋಗ್ತೀವಿ ಅಂತಾರೆ. ನಮ್ಮ ಯಜಮಾನರಿಗೆ ಡಿಸ್ಕ್ ತೊಂದ್ರೆ, ಭಾರ ಎತ್ತೋ ಹಾಗಿಲ್ಲ. ಪಕ್ಕದ ಮನೆ ಅಂಕಲ್ ಪ್ಯಾರಪೆಟ್‌ಗೆ ರಾಟೆ ಕಟ್ಟಿ ಎಳ್ಕೊಳಿ ಅಂತಾರೆ, ತಮ್ಮ ಸ್ಕೂಟರಲ್ಲಿ ದಿನಾ ಎರಡೆರಡು ಚೀಲ ತಂದ್ಕೊಡ್ತೀನಿ ಅಂತಾನೆ, ಫ್ರೆಂಡ್ ಒಬ್ಳು ಮಣ್ಣೇ ಬೇಡ ಬರೀ ಕೋಕೋಪೀಟ್ (ತೆಂಗಿನ ಸಿಪ್ಪೆ ಪುಡಿ) ಸಾಕು ಅಂತಾಳೆ. ಅತ್ತೆ ಮಾತ್ರ ಇಷ್ಟು ಭಾರ ತಲೆ ಮೇಲಿಟ್ಕೊಂಡು ಕೆಳಗೆ ನಿದ್ದೆ ಮಾಡೋದು ಹೇಗೆ ಅಂತ ಹೆದರ್ಕೊಂಡಿದಾರೆ. ಓನರ್ ಒಪ್ಪಿದಾರೆ, ಆದ್ರೆ ಮೋಲ್ಡ್‌ಗೆ ಏನೂ ಆಗ್ಬಾರ್ದು ಅಂದಿದಾರೆ. ಯಾರ ಮಾತು ಕೇಳ್ಲಿ?

ಉತ್ತರ:

ನಮಸ್ಕಾರ ಮೇಡಂ. ಮೆಟ್ಟಿಲು ಎಣಿಸಿ ಬರೆದಿದೀರಲ್ಲ, ಅದು ನೋಡಿ ನಿಜವಾಗ್ಲೂ ಖುಷಿ ಆಯ್ತು. ನಾನು ಈ ಊರಲ್ಲಿ ತಾರಸಿ ತೋಟ ಮಾಡ್ಕೊಡೋ ಕೆಲಸಕ್ಕಿಳಿದು ಇಪ್ಪತ್ತು ವರ್ಷದ ಮೇಲಾಯ್ತು, ಫೋನ್ ಮಾಡೋರೆಲ್ಲ ಯಾವ ಗಿಡ ಹಾಕ್ಲಿ, ಯಾವ ಗೊಬ್ಬರ ಹಾಕ್ಲಿ ಅಂತ ಕೇಳ್ತಾರೆ, ಮಣ್ಣು ಮೇಲಕ್ಕೆ ಹೋಗೋದು ಹೇಗೆ ಅಂತ ಕೇಳೋರು ತುಂಬ ಕಮ್ಮಿ. ಆದ್ರೆ ನಾನು ನೋಡಿರೋ ಹಾಗೆ ಅರ್ಧಕ್ಕೆ ನಿಂತೋದ ತೋಟಗಳಲ್ಲಿ ಬಹಳಷ್ಟು ನಿಂತಿರೋದು ಹುಳ ಬಿದ್ದಲ್ಲ, ಮೊದಲನೇ ದಿನ ಗೇಟಿನ ಹತ್ರ ಮಣ್ಣಿನ ಚೀಲ ಇಳಿದಾಗ ಮನೆಯವರ ಸೊಂಟ ಹಿಡ್ಕೊಂಡು, ಅದರಿಂದ ಮನೇಲಿ ಜಗಳ ಆಗಿ, ಉಳಿದ ಚೀಲ ಮಳೇಲಿ ನೆಂದು ಅಲ್ಲೇ ಹುಲ್ಲು ಹುಟ್ಕೊಂಡು.

ನಿಮ್ಮ ಪ್ರಶ್ನೇಲಿ ಮೂರು ಭಯ ಒಟ್ಟಿಗೆ ಸೇರ್ಕೊಂಡಿವೆ. ಒಂದು ಹೊರೋ ಮನುಷ್ಯರದ್ದು, ಒಂದು ಕಟ್ಟಡದ್ದು, ಇನ್ನೊಂದು ಮಣ್ಣು ಅಷ್ಟು ಬೇಕಾ ಬೇಡ್ವಾ ಅನ್ನೋದು. ಮೂರನೇದು ಬಗೆಹರಿದ್ರೆ ಮೊದಲಿನ ಎರಡೂ ಅರ್ಧಕ್ಕರ್ಧ ಕಮ್ಮಿ ಆಗತ್ವೆ, ಹಾಗಾಗಿ ಅಲ್ಲಿಂದ್ಲೇ ಹೇಳ್ತೀನಿ.

ನರ್ಸರಿಯವರ ಲೆಕ್ಕ ಮೋಸದ ಲೆಕ್ಕ ಅಲ್ಲ. 12 ಇಂಚಿನ ಗ್ರೋ ಬ್ಯಾಗ್‌ಗೆ ಮೇಲೆ ಎರಡು ಇಂಚು ಬಿಟ್ಟು ತುಂಬಿದ್ರೆ ಸುಮಾರು 18 ಲೀಟರ್ ಹಿಡಿಯತ್ತೆ, 30 ಬ್ಯಾಗ್‌ಗೆ 540 ಲೀಟರ್. ಹಸಿ ಇರೋ ಕೆಂಪು ಮಣ್ಣು ಲೀಟರಿಗೆ ಒಂದೂವರೆ ಕೆಜಿ ಮೇಲೇ ತೂಗತ್ತೆ, ಸೇರಿದ್ರೆ ಹತ್ರ ಹತ್ರ 900 ಕೆಜಿ. ಆದ್ರೆ ಒಂದು ಮಾತು, ಮೂರು ಚಕ್ರದ ಲಗೇಜ್ ಆಟೋ ಹೊರೋದೇ ಸುಮಾರು ಅರ್ಧ ಟನ್ನು, ಸಣ್ಣ ನಾಲ್ಕು ಚಕ್ರದ ಟಾಟಾ ಏಸ್ ಥರದ್ದು ಮುಕ್ಕಾಲು ಟನ್ನು. 900 ಕೆಜಿ ಒಂದೇ ಆಟೋಲಿ ಕಳಿಸ್ತೀವಿ ಅಂದ್ರೆ ಅದು ಓವರ್‌ಲೋಡು, ನಿಮ್ಮ ಹನುಮಂತನಗರದ ಏರು ರಸ್ತೆಗಳಲ್ಲಿ ಅದು ಹಿಂದಕ್ಕೆ ಜಾರಿದ್ರೆ ಏನಾಗತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.

ಈಗ ನಾನು ಹೇಳ್ಬೇಕು ಅಂತಿರೋ ಮುಖ್ಯ ವಿಷಯ. ಆ 900 ಕೆಜಿಲಿ ಮಣ್ಣೇ ಎಲ್ಲ ಅಲ್ಲ, ನೀರೂ ಇದೆ. ಅದೇ ಮಣ್ಣನ್ನ ಚೆನ್ನಾಗಿ ಒಣಗಿಸಿದ್ರೆ ಲೀಟರಿಗೆ 1.2, 1.3 ಕೆಜಿ. ಅಂದ್ರೆ ಚೀಲ ಚೀಲಕ್ಕೂ ಹತ್ತು ಕೆಜಿ ಹತ್ರ ನೀರನ್ನ ದುಡ್ಡು ಕೊಟ್ಟು, ಆಟೋ ಬಾಡಿಗೆ ಕೊಟ್ಟು, ಕೂಲಿ ಕೊಟ್ಟು ಮೂರು ಮಹಡಿ ಹತ್ತಿಸ್ತಿದೀವಿ, ಆದ್ರೆ ನೀರು ಮೋಟರ್ ಹಾಕಿದ್ರೆ ತಾನಾಗೇ ಪೈಪಲ್ಲಿ ಮೇಲಕ್ಕೆ ಹೋಗತ್ತಲ್ಲ! ಮೆಟ್ಟಿಲು ಹತ್ತೋ ಯಾವ ವಸ್ತುಲೂ ನೀರಿರಬಾರದು. ಮಣ್ಣು ಒಣಗಿರಬೇಕು, ಕೋಕೋಪೀಟ್ ಇಟ್ಟಿಗೆ ಥರ ಒಣಗಿರಬೇಕು, ಎಲೆ ಒಣಗಿರಬೇಕು, ಗೊಬ್ಬರ ಪುಡಿ ಪುಡಿಯಾಗಿರಬೇಕು. ನೆನೆಸೋದು, ಕಲೆಸೋದು ಎಲ್ಲ ಮೇಲೇ.

ಇದಕ್ಕೇ ನಾನು ಮಣ್ಣಿನ ಕೆಲಸ ಸಂಕ್ರಾಂತಿ ಆದ್ಮೇಲೆ ಶುರು ಮಾಡಿ ಯುಗಾದಿ ಒಳಗೆ ಮುಗಿಸಿ ಅಂತ ಎಲ್ಲರಿಗೂ ಹೇಳೋದು. ಆ ಎರಡು ತಿಂಗಳು ಬೆಂಗಳೂರಲ್ಲಿ ಮಳೆ ಇಲ್ಲ, ಮಣ್ಣು ಬೂದಿ ಥರ ಒಣಗಿರತ್ತೆ, ಬೀದೀಲಿ ಹೊಂಗೆ ಮರದ ಎಲೆ ರಾಶಿ ರಾಶಿ ಉದುರಿರತ್ತೆ. ಏಪ್ರಿಲ್ ಕೊನೇಲಿ ಮಳೆ ಶುರುವಾದ್ರೆ ಅದೇ ಚೀಲ ಎತ್ತೋಕಾಗಲ್ಲ.

ಇನ್ನೊಂದು, ಆ ಕೆಂಪು ಮಣ್ಣು ಎಲ್ಲಿಂದ ಬರತ್ತೆ ಅಂತ ಕೇಳಿದೀರಾ? ನಮ್ಮೂರಲ್ಲಿ ಮಾರೋ ಕೆಂಪು ಮಣ್ಣಲ್ಲಿ ಎಷ್ಟೋ ಭಾಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಅಗೆದು ತೆಗೆದಿರೋದು. ಹತ್ತಡಿ ಇಪ್ಪತ್ತಡಿ ಆಳದ ಮಣ್ಣು. ನೋಡೋಕೆ ಕುಂಕುಮದ ಥರ ಚಂದ, ಆದ್ರೆ ಅದರಲ್ಲಿ ಗಿಡಕ್ಕೆ ತಿನ್ನೋಕೆ ಏನೂ ಇಲ್ಲ, ಎಲೆ ಬಿದ್ದು ಕೊಳೆತು ಎರೆಹುಳ ಓಡಾಡಿದ ಮೇಲ್ಮಣ್ಣು ಅಲ್ಲ ಅದು. ಗ್ರೋ ಬ್ಯಾಗಲ್ಲಿ ಬರೀ ಅದನ್ನೇ ತುಂಬಿ ನೀರು ಹಾಕಿದ್ರೆ ಒಂದು ತಿಂಗಳಿಗೆ ಸಿಮೆಂಟ್ ಥರ ಗಟ್ಟಿಯಾಗಿ ಬೇರು ಉಸಿರುಕಟ್ಟತ್ತೆ. ಅಷ್ಟು ಕಷ್ಟಪಟ್ಟು ಹೊತ್ತಿದ್ದಕ್ಕೆ ಸಿಗೋ ಫಲ ಇದು. ಊರ ಕಡೆ ಕೆರೆ ಗೋಡು ಹೊಲಕ್ಕೆ ಹೊಡೀತಿದ್ರಲ್ಲ, ಅದು ಒಳ್ಳೇದಲ್ವಾ ಅಂತ ಕೆಲವರು ಕೇಳ್ತಾರೆ. ಊರ ಕೆರೆ ಗೋಡು ಬೇರೆ, ಬೆಳ್ಳಂದೂರು ವರ್ತೂರು ಥರ ಚರಂಡಿ ನೀರು, ಕಾರ್ಖಾನೆ ನೀರು ಸೇರಿರೋ ನಗರದ ಕೆರೆಯ ಹೂಳು ಬೇರೆ, ತಿನ್ನೋ ಸೊಪ್ಪಿಗೆ ಅದನ್ನ ದಯವಿಟ್ಟು ತರ್ಬೇಡಿ, ಪುಕ್ಕಟೆ ಕೊಟ್ರೂ ಬೇಡ.

ಹಾಗಾದ್ರೆ ನಿಮ್ಮ ಫ್ರೆಂಡ್ ಹೇಳಿದ್ದು ಸರಿನಾ? ಅರ್ಧ ಸರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಅಂತಾನೇ ಮಾಡಿದಾರೆ, ಮಣ್ಣಿಲ್ಲದೆ ತರಕಾರಿ ಬೆಳೆಯೋ ಪದ್ಧತಿ ಅದು, ಕೆಲಸ ಮಾಡತ್ತೆ. ಆದ್ರೆ ಅದರ ಜೊತೆ ಗಿಡಕ್ಕೆ ಬೇಕಾದ ಪೋಷಕಾಂಶದ ದ್ರಾವಣ ಲೆಕ್ಕವಾಗಿ ಕೊಡ್ತಾನೇ ಇರಬೇಕು. ಕೋಕೋಪೀಟ್ ಅನ್ನೋದು ತೆಂಗಿನ ಸಿಪ್ಪೆ ಪುಡಿ, ನೀರು ಹಿಡ್ಕೊಳೋ ಸ್ಪಂಜು ಅಷ್ಟೇ, ಅದರಲ್ಲಿ ಊಟ ಇಲ್ಲ. ಬರೀ ಅದನ್ನ ತುಂಬಿ ವಾರಕ್ಕೊಂದ್ಸಲ ಒಂದು ಹಿಡಿ ಗೊಬ್ಬರ ಹಾಕ್ತೀನಿ ಅಂದ್ರೆ ಟೊಮೇಟೊ ಗಿಡ ಮೊಣಕಾಲುದ್ದ ಬಂದು ಹಳದಿ ತಿರುಗಿ ನಿಂತೋಗತ್ತೆ. ಗಿಡ ವಾಲದೆ ನಿಲ್ಲೋಕೂ ಸ್ವಲ್ಪ ಮಣ್ಣಿನ ತೂಕ ಬೇಕು, ತಾರಸಿ ಮೇಲೆ ಆಷಾಢದ ಗಾಳಿ ಹೇಗಿರತ್ತೆ ಅಂತ ಬಟ್ಟೆ ಒಣಹಾಕೋ ನಿಮಗೆ ಗೊತ್ತೇ ಇರತ್ತೆ.

ಸಾಗಾಟದ ದೃಷ್ಟಿಯಿಂದ ಮಾತ್ರ ಕೋಕೋಪೀಟ್‌ನಂಥ ವಸ್ತು ಇನ್ನೊಂದಿಲ್ಲ. 5 ಕೆಜಿ ಇಟ್ಟಿಗೆ ಒಂದು, ಕಂಕುಳಲ್ಲಿ ಇಟ್ಕೊಂಡು ಹತ್ತಬಹುದು, ಮೇಲೆ ಟಬ್ಬಲ್ಲಿಟ್ಟು 20-25 ಲೀಟರ್ ನೀರು ಕುಡಿಸಿದ್ರೆ ಉಬ್ಬಿ 70 ಲೀಟರ್ ಹತ್ರ ಆಗತ್ತೆ. ಮೊದಲ್ನೇ ಸಲ ನೋಡೋ ಮಕ್ಕಳಿಗೆ ಅದೊಂದು ಜಾದೂ. ಆದ್ರೆ ಇದನ್ನೂ ತಪ್ಪು ಮಾಡೋರು ಇದಾರೆ. ಒಬ್ಬರ ಮನೇಲಿ ಮೇಲೆ ನಲ್ಲಿ ಇಲ್ಲ ಅಂತ ಕೆಳಗೆ ಕಾರ್ ನಿಲ್ಸೋ ಜಾಗದಲ್ಲೇ ನಾಲ್ಕು ಇಟ್ಟಿಗೆ ನೆನೆಸಿಟ್ಟಿದ್ರು, 20 ಕೆಜಿ ಹೋಗಿ ನೂರು ಕೆಜಿ ಮೇಲಾಗಿತ್ತು, ಬಕೆಟಲ್ಲಿ ಹೊತ್ಕೊಂಡು ಹೋಗೋವಾಗ ಮೆಟ್ಟಿಲ ಮೇಲೆಲ್ಲ ನೀರು ಸೋರಿ ಅವರ ಮಗಳು ಜಾರಿ ಕೈ ಮುರ್ಕೊಂಡ್ಲು. ಹನ್ನೊಂದು ವರ್ಷದ ಹುಡುಗಿ. ನಿಮ್ಮ ತಾರಸೀಲಿ ನಲ್ಲಿ ಇದೆಯಾ ನೋಡಿ, ಇಲ್ಲ ಅಂದ್ರೆ ಓವರ್‌ಹೆಡ್ ಟ್ಯಾಂಕ್‌ನಿಂದ ಒಂದು ನಲ್ಲಿ ತೆಗ್ಸಿಕೊಡಿ ಅಂತ ಓನರ್‌ನ ಮೊದಲು ಕೇಳಿ, ಮಣ್ಣು ಆಮೇಲೆ. ದಿನಾ ನೀರು ಬಕೆಟಲ್ಲಿ ಹೊರೋ ತೋಟ ಮೂರು ತಿಂಗಳು ಬಾಳಲ್ಲ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರತ್ತೆ, ಎರಡು ಮೂರು ಸಲ ನೆನೆಸಿ ಹಿಂಡಿ ಆ ಕಂದು ನೀರು ಚೆಲ್ಲಿಬಿಡಿ, ಗಿಡಕ್ಕೆ ಹಾಕ್ಬೇಡಿ.

ನಿಮ್ಮ 30 ಬ್ಯಾಗ್‌ಗೆ ನಾನು ಹಾಕೋ ಲೆಕ್ಕ ಹೀಗೆ. ಒಣಗಿದ, ಜರಡಿ ಹಿಡಿದ ಕೆಂಪು ಮಣ್ಣು ಐದರಲ್ಲಿ ಒಂದು ಭಾಗ, ಸುಮಾರು 140 ಕೆಜಿ. ಕೋಕೋಪೀಟ್ ಇಟ್ಟಿಗೆ ಮೂರು, 15 ಕೆಜಿ. ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಹಳೇ ಸಗಣಿ ಗೊಬ್ಬರ 70 ಕೆಜಿ. ಬೇವಿನ ಹಿಂಡಿ, ಹೊಂಗೆ ಹಿಂಡಿ ಸೇರಿ ಒಂದೈದು ಕೆಜಿ. ಉಳಿದ ಜಾಗಕ್ಕೆ ಒಣ ಎಲೆ, ತೆಂಗಿನ ಗುಂಜು, ಅದು ತೂಕಕ್ಕೇ ಬರಲ್ಲ, ಹದಿನೈದು ಕೆಜಿ ಅಂದ್ಕೊಳಿ. ಎಲ್ಲ ಸೇರಿ 250 ಕೆಜಿ ಒಳಗೇ. 900 ಎಲ್ಲಿ, 250 ಎಲ್ಲಿ! ಮಿಕ್ಕಿದ್ದೆಲ್ಲ ಮೋಟರ್ ಎತ್ತಿಕೊಡತ್ತೆ.

ಎಲೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಇದರಲ್ಲೇ ನಿಜವಾದ ಉಳಿತಾಯ ಇರೋದು. ಮುಂಬೈಲಿ ಡಾ. ಆರ್. ಟಿ. ದೋಶಿ ಅನ್ನೋರು ಕಬ್ಬಿನ ಸಿಪ್ಪೆಯನ್ನೇ ಮುಖ್ಯವಾಗಿ ತುಂಬಿ, ಮೇಲೆ ಸ್ವಲ್ಪ ಮಣ್ಣು ಹಾಕಿ ತಾರಸೀಲಿ ಬೆಳೆದು ತೋರಿಸಿದ್ರು, ಅಲ್ಲೂ ಇದೇ ಕಷ್ಟ, ಎತ್ತರದ ಕಟ್ಟಡ, ಮಣ್ಣು ಹತ್ತಲ್ಲ. ನಮ್ಮಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು ಸಾವಯವ ತಾರಸಿ ತೋಟವನ್ನ ಬೆಂಗಳೂರಿನ ಮನೆ ಮನೆಗೆ ತಲುಪಿಸಿದ್ರು, ನನ್ನಂಥ ಎಷ್ಟೋ ಜನ ಈ ದಾರಿ ಹಿಡಿದಿದ್ದು ಅವರಿಂದ. ನಿಮ್ಮ ಬೀದಿ ಕೊನೇಲಿ ಕಬ್ಬಿನ ಹಾಲಿನ ಅಂಗಡಿ ಇದ್ರೆ ಸಿಪ್ಪೆ ಅವರಿಗೆ ಬೇಡದ ಕಸ, ಕೇಳಿದ್ರೆ ಕೊಡ್ತಾರೆ. ಆದ್ರೆ ಹಸಿದು ಹಾಗೇ ಬ್ಯಾಗಿಗೆ ತುಂಬಿದ್ರೆ ಇರುವೆ, ನೊಣ ಎರಡೂ ಬರತ್ವೆ. ಕೆಳಗೆ ಬಿಸಿಲಲ್ಲಿ ಮೂರ್ನಾಲ್ಕು ದಿನ ಒಣಗಿಸಿ, ಹಗುರ ಆದ್ಮೇಲೆ ಮೇಲಕ್ಕೆ ತಗೊಂಡು ಹೋಗಿ, ಸಗಣಿ ನೀರು ಚಿಮುಕಿಸಿ ಒಂದೂವರೆ ತಿಂಗಳು ಮುಚ್ಚಿಡಿ, ಆಮೇಲೆ ಬಳಸಿ.

ಒಣ ಎಲೆ ಇಷ್ಟು ಕಷ್ಟ ಇಲ್ಲ. ಬ್ಯಾಗಿನ ತಳದ ಮೂರರಲ್ಲೊಂದು ಭಾಗ ಎಲೆ ತುಳಿದು ತುಂಬಿ, ಮೇಲೆ ಒಂದು ಹಿಡಿ ಹಿಂಡಿ ಉದುರಿಸಿ (ಎಲೆ ಕೊಳೆಯೋವಾಗ ಗಿಡಕ್ಕೆ ಹೋಗ್ಬೇಕಾದ ಸಾರಜನಕ ತಾನು ತಿನ್ನತ್ತೆ, ಅದಕ್ಕೆ ಹಿಂಡಿ), ಆಮೇಲೆ ಮಣ್ಣಿನ ಮಿಶ್ರಣ. ಎರಡು ತಿಂಗಳಲ್ಲಿ ಎಲೆ ಕುಸಿದು ಬ್ಯಾಗ್ ನಾಲ್ಕು ಬೆರಳು ಕೆಳಗಿಳಿಯತ್ತೆ, ಗಾಬರಿ ಬೇಡ, ಅಡುಗೆಮನೆ ಗೊಬ್ಬರ ಮೇಲೆ ತುಂಬ್ತಾ ಹೋಗಿ. ಅಡುಗೆಮನೆ ಗೊಬ್ಬರ ಒಂದರಿಂದಲೇ 30 ಬ್ಯಾಗ್ ತುಂಬ್ತೀನಿ ಅಂತ ಮಾತ್ರ ಲೆಕ್ಕ ಹಾಕ್ಬೇಡಿ. ನಾಲ್ಕು ಜನರ ಮನೇಲಿ ದಿನಕ್ಕೆ ಮುಕ್ಕಾಲು ಕೆಜಿ ಒಂದು ಕೆಜಿ ಸಿಪ್ಪೆ ಸೊಪ್ಪು ಬರಬಹುದು, ಎರಡು ತಿಂಗಳು ಕೂಡಿಟ್ರೂ ಕಳಿತ ಮೇಲೆ ಕೈಗೆ ಸಿಗೋದು ಹತ್ತು ಹನ್ನೆರಡು ಕೆಜಿ. ಒಳ್ಳೇದೇ, ಆದ್ರೆ ಅದು ವರ್ಷದ ಊಟ, ಅಡಿಪಾಯ ಅಲ್ಲ.

ಈಗ ಹೊರೋದಕ್ಕೆ ಬರೋಣ.

ರಾಟೆ ಬೇಡ. ಅಂಕಲ್ ಒಳ್ಳೇ ಮನಸ್ಸಿಂದ ಹೇಳಿರ್ತಾರೆ, ಊರಲ್ಲಿ ಬಾವಿ ರಾಟೆ ನೋಡಿ ಬೆಳೆದೋರಿಗೆ ಇದು ಸುಲಭ ಅನ್ಸತ್ತೆ. ಬಾವಿ ರಾಟೆ ನಿಂತಿರೋದು ಕಲ್ಲಿನ ಕಂಬದ ಮೇಲೆ ಮೇಡಂ, ನಿಮ್ಮ ಪ್ಯಾರಪೆಟ್ ಅಂದ್ರೆ ನಾಲ್ಕೋ ಆರೋ ಇಂಚಿನ ಬ್ಲಾಕ್ ಗೋಡೆ, ಎಷ್ಟೋ ಕಟ್ಟಡಗಳಲ್ಲಿ ಅದಕ್ಕೆ ಒಳಗೆ ಕಂಬಿ ಕೂಡ ಇರಲ್ಲ. ಇನ್ನೊಂದು ಲೆಕ್ಕ ತುಂಬ ಜನಕ್ಕೆ ಹೊಳೆಯಲ್ಲ, ಒಂಟಿ ರಾಟೇಲಿ 25 ಕೆಜಿ ಚೀಲ ಎಳೆದ್ರೆ ಎಳೆಯೋರಿಗೆ ಏನೂ ಉಳಿತಾಯ ಇಲ್ಲ, 25 ಕೆಜಿ ಬಲವೇ ಹಾಕ್ಬೇಕು, ಅದರ ಮೇಲೆ ರಾಟೆ ಕಟ್ಟಿರೋ ಜಾಗಕ್ಕೆ ಚೀಲದ ತೂಕ ಒಂದು, ಎಳೆಯೋ ಬಲ ಒಂದು, ಎರಡೂ ಸೇರಿ 50 ಕೆಜಿ ಬೀಳತ್ತೆ. ಚೀಲ ಮಧ್ಯದಲ್ಲಿ ಸಜ್ಜಾಗೆ ಸಿಕ್ಕಿ ಜಗ್ಗಿದ್ರೆ ಇನ್ನೂ ಜಾಸ್ತಿ. ಕೆಳಗೆ ಯಾರಾದ್ರೂ ನಿಂತಿದ್ರೆ? ಹಳೇ ಬಡಾವಣೆಗಳಲ್ಲಿ ಕರೆಂಟ್ ವೈರು ಬಾಲ್ಕನಿ ಪಕ್ಕದಲ್ಲೇ ಹೋಗಿರತ್ತೆ, ನಿಯಮದ ಪ್ರಕಾರ ಮನೆಗೆ ಹೋಗೋ ಲೈನ್‌ಗೂ ಕಟ್ಟಡಕ್ಕೂ ಅಡ್ಡಡ್ಡ 1.2 ಮೀಟರ್ ಅಂತರ ಇರಬೇಕು, ಎಷ್ಟು ಕಡೆ ಇದೆ ಅಂತ ನೀವೇ ತಲೆ ಎತ್ತಿ ನೋಡಿ. ತೂಗಾಡೋ ಚೀಲ, ಒದ್ದೆ ಹಗ್ಗ, ಪಕ್ಕದಲ್ಲಿ ವೈರು. ನಾನು ನನ್ನ ಹುಡುಗರಿಗೆ ಇದನ್ನ ಯಾವತ್ತೂ ಮಾಡೋಕೆ ಬಿಟ್ಟಿಲ್ಲ.

ಸ್ಕೂಟರು, ಒಂದು ಮಟ್ಟಿಗೆ ಸರಿ. ಮುಂದೆ ಕಾಲಿಡೋ ಜಾಗದಲ್ಲಿ ಒಂದು ಚೀಲ, 12-15 ಕೆಜಿ, ಅಲ್ಲಾಡದ ಹಾಗೆ ಮಲಗಿಸಿ ತಂದ್ರೆ ತೊಂದ್ರೆ ಇಲ್ಲ. ಹ್ಯಾಂಡಲ್‌ಗೆ ಎರಡೂ ಕಡೆ ನೇತುಹಾಕ್ಕೊಂಡು ಬರೋದು, ಹಿಂದೆ 50 ಕೆಜಿ ಚೀಲ ಹಗ್ಗ ಹಾಕಿ ಕಟ್ಟೋದು ಮಾತ್ರ ಬೇಡ ಅಂತ ತಮ್ಮನಿಗೆ ಹೇಳಿ, ಹಂಪ್ ಬಂದಾಗ ಗಾಡಿ ಆಯ ತಪ್ಪಬಹುದು. ಕೋಕೋಪೀಟು, ಹಿಂಡಿ, ಗ್ರೋ ಬ್ಯಾಗ್ ಇದೆಲ್ಲ ಸ್ಕೂಟರಿಗೆ ಸರಿಯಾದ ಸಾಮಾನು, ಮಣ್ಣಿಗೆ ಆಟೋನೇ ವಾಸಿ. ನಿಮ್ಮದು 250 ಕೆಜಿ ಆದ್ಮೇಲೆ ಒಂದು ಲಗೇಜ್ ಆಟೋಗೆ ಆರಾಮಾಗಿ ಆಗತ್ತೆ. ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿಗಳು ನಿಮಗೆ ಹತ್ರ, ಒಂದು ಬೆಳಗ್ಗೆ ನೀವೇ ಹೋಗಿ ಮಣ್ಣನ್ನ ಮುಟ್ಟಿ ನೋಡಿ ತಗೊಳಿ. ಹಿಡಿಯಲ್ಲಿ ಹಿಂಡಿದ್ರೆ ಉಂಡೆ ಕಟ್ಟಿತು ಅಂದ್ರೆ ಹಸಿ ಇದೆ ಅಂತ, ಬೇರೆ ರಾಶಿ ತೋರ್ಸಿ ಅನ್ನಿ. ಆನ್‌ಲೈನಲ್ಲಿ ರೆಡಿ ಮಿಕ್ಸ್ ತರ್ಸೋದಾದ್ರೆ ಕೆಜಿ ಲೆಕ್ಕದಲ್ಲಿ ಮಾರೋದಕ್ಕಿಂತ ಲೀಟರ್ ಲೆಕ್ಕದಲ್ಲಿ ಮಾರೋದನ್ನ ನೋಡಿ, ಕೆಜಿಲಿ ಹಸಿ ಇದ್ದಷ್ಟೂ ಮಾರೋರಿಗೆ ಲಾಭ. ಡೆಲಿವರಿ ಮಾಡೋರು ಎಷ್ಟನೇ ಮಹಡಿವರೆಗೆ ತರ್ತಾರೆ ಅಂತ ಆರ್ಡರ್ ಮಾಡೋ ಮುಂಚೆ ಕೇಳಿ. ರೆಡಿ ಮಿಕ್ಸ್ ದುಬಾರಿ ಆದ್ರೂ ಮೊದಲ ನಾಲ್ಕೈದು ಬ್ಯಾಗಿಗೆ ಅನುಕೂಲ, ಮೂವತ್ತಕ್ಕೆ ನಾನಂತೂ ಹೇಳಲ್ಲ.

ಮೆಟ್ಟಿಲಿಗೆ ಎರಡು ದಾರಿ. ಒಂದು, ನೀವು ಮತ್ತು ತಮ್ಮ ಸೇರಿ ಸಣ್ಣ ಸಣ್ಣದಾಗಿ ಹೊರೋದು. ಭಾರ ಎತ್ತೋ ಕೆಲಸಕ್ಕೆ ಕೆಲಸಗಾರರ ಸುರಕ್ಷತೆ ನೋಡೋ ಅಮೆರಿಕದ ನಯಾಶ್ (NIOSH) ಅನ್ನೋ ಸಂಸ್ಥೆ ಹಾಕಿರೋ ಮಿತಿ ಎಲ್ಲ ಅನುಕೂಲ ಇದ್ದಾಗ್ಲೂ 23 ಕೆಜಿ, ಅದು ಸಮ ನೆಲದಲ್ಲಿ ನಿಂತು ಎರಡೂ ಕೈಲಿ ಎತ್ತೋದಕ್ಕೆ, 56 ಮೆಟ್ಟಿಲು ಹತ್ತೋದಕ್ಕಲ್ಲ. ನಾನು ಮನೆ ಜನಕ್ಕೆ ಹೇಳೋದು 12 ಕೆಜಿ, ಅದಕ್ಕಿಂತ ಮೇಲೆ ಬೇಡ. ಅಕ್ಕಿ ಬರೋ 10 ಕೆಜಿ ಚೀಲ ಇರತ್ತಲ್ಲ ಹಿಡಿ ಇರೋದು, ಅದನ್ನ ಕೂಡಿಟ್ಕೊಳಿ. ಆದ್ರೆ ಅದರ ತುಂಬಾ ಮಣ್ಣು ತುಂಬಿದ್ರೆ 15 ಕೆಜಿ ದಾಟತ್ತೆ, ಮಣ್ಣು ಅಕ್ಕಿಗಿಂತ ಭಾರ, ಮುಕ್ಕಾಲು ಚೀಲಕ್ಕೆ ನಿಲ್ಸಿ. ಅದಕ್ಕಿಂತ ಒಳ್ಳೇದು ಮಕ್ಕಳ ಹಳೇ ಸ್ಕೂಲ್ ಬ್ಯಾಗು, ಭಾರ ಎರಡೂ ಹೆಗಲಿಗೆ ಹಂಚಿ ಬೆನ್ನಿಗೆ ಅಂಟ್ಕೊಂಡಿರತ್ತೆ, ಕೈ ಎರಡೂ ಖಾಲಿ, ಮೆಟ್ಟಿಲ ಕಂಬಿ ಹಿಡ್ಕೊಂಡು ಹತ್ತಬಹುದು. ನಿಮ್ಮ 250 ಕೆಜಿ ಅಂದ್ರೆ ಇಪ್ಪತ್ತೊಂದು ಇಪ್ಪತ್ತೆರಡು ಸಲ. ಒಂದೇ ಭಾನುವಾರ ಮುಗಿಸೋ ಹಠ ಬೇಡ, ಮೊದಲು ಹತ್ತು ಬ್ಯಾಗ್ ಸಾಕು, ಏಳು ಸಲ ಹತ್ತಿದ್ರೆ ಆಯ್ತು. ಸೊಪ್ಪು ಕೊಯ್ದು ಒಂದು ಹುಳಿ ಮಾಡಿ ತಿಂದ ಮೇಲೆ ಉಳಿದ ಇಪ್ಪತ್ತು ಬ್ಯಾಗಿಗೆ ಹುಮ್ಮಸ್ಸು ತಾನಾಗೇ ಬರತ್ತೆ. ಯಜಮಾನರನ್ನ ಸಣ್ಣ ಚೀಲ ಅಂತ ಹೇಳಿ ಕೂಡ ಎತ್ತೋಕೆ ಬಿಡ್ಬೇಡಿ, ಡಿಸ್ಕ್ ತೊಂದ್ರೆ ಇರೋರಿಗೆ ಭಾರದ ಜೊತೆ ಬಗ್ಗಿ ತಿರುಗೋದೂ ಅಪಾಯ, ಅವರಿಗೆ ಮೇಲೆ ಒಂದು ಸ್ಟೂಲ್ ಹಾಕಿ ಜರಡಿ ಹಿಡಿಯೋ ಕೆಲಸನೂ ಡಾಕ್ಟ್ರು ಒಪ್ಪಿದ್ರೆ ಮಾತ್ರ.

ಎರಡನೇ ದಾರಿ ಕೂಲಿಯವರನ್ನ ಕರೆಯೋದು. ತಪ್ಪಿಲ್ಲ, ಅವರ ಕಸುಬು ಅದು, ಆದ್ರೆ ಅವರ ಬೆನ್ನೂ ಬೆನ್ನೇ ಅನ್ನೋದು ನೆನಪಿರ್ಲಿ. 50 ಕೆಜಿ ಚೀಲ ಹೊರಿಸ್ಬೇಡಿ, 25 ಕೆಜಿಗೆ ಕಟ್ಟಿಸಿ, ಚೀಲಕ್ಕೆ ಇಷ್ಟು, ಮಹಡಿಗೆ ಇಷ್ಟು ಅಂತ ಮೊದಲೇ ಮಾತಾಡ್ಕೊಳಿ, ಗೇಟಿನ ಹತ್ರ ನಿಂತು ಚೌಕಾಸಿ ಮಾಡೋದು ಬೇಡ. ನನ್ನ ಜೊತೆ ತುಂಬ ವರ್ಷ ಕೆಲಸ ಮಾಡಿದ ಒಬ್ಬ ಹಿರಿಯರು ಇದ್ರು, ಯಾದಗಿರಿ ಕಡೆಯವರು, ಚೀಲ ಯಾವತ್ತೂ ಬಿಗಿಯಾಗಿ ತುಂಬೋಕೆ ಬಿಡ್ತಿರಲಿಲ್ಲ. ಬಿಗಿ ಚೀಲ ಕಲ್ಲಿನ ಥರ, ಹೆಗಲ ಮೇಲೆ ಕೂರಲ್ಲ, ತಿರುವಿನಲ್ಲಿ ಜಾರತ್ತೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ, ಬಾಯಿ ತುದೀಲಿ ಕಟ್ಟಿ, ಒಳಗೆ ಮಣ್ಣು ಆಡೋ ಹಾಗೆ ಬಿಡ್ತಿದ್ರು. ಆಮೇಲೆ ಟವೆಲ್ ಸುತ್ತಿ ಸಿಂಬೆ ಮಾಡಿ ಹೆಗಲಿಗೂ ಕತ್ತಿಗೂ ಮಧ್ಯ ಇಟ್ಟು, ಚೀಲ ಅದರ ಮೇಲೆ ಹಾಕಿದ್ರೆ ಎರಡೂ ಕಡೆ ಇಳಿಬಿದ್ದು ಮಗು ಥರ ಅಂಟ್ಕೊಳ್ತಿತ್ತು. ಪ್ರತಿ ಮಹಡಿ ತಿರುವಲ್ಲಿ ಸೊಂಟದೆತ್ತರಕ್ಕೆ ಒಂದು ಸ್ಟೂಲ್ ಇಡಿಸ್ತಿದ್ರು, ದಣಿವಾದ್ರೆ ಚೀಲ ಅದರ ಮೇಲೆ. ನೆಲಕ್ಕೆ ಇಟ್ಟು ಮತ್ತೆ ಎತ್ತೋದ್ರಲ್ಲೇ ಸೊಂಟ ಹೋಗೋದು ಅಂತಿದ್ರು. ನೀವೂ ಹಾಗೇ ಎರಡು ಸ್ಟೂಲ್ ಇಡಿ, ಒಂದು ಬಿಂದಿಗೆ ನೀರು ಇಡಿ.

ಇನ್ನು ಅತ್ತೆಯವರ ಭಯ, ಓನರ್ ಮಾತು. 30 ಗ್ರೋ ಬ್ಯಾಗ್‌ಗೆ ಒಳ್ಳೇ ಮೋಲ್ಡ್ ಬೀಳತ್ತೆ ಅನ್ನೋದು ಸುಳ್ಳು, ಹಾಗಂತ ಎಷ್ಟು ಬೇಕಾದ್ರೂ ಪೇರಿಸಬಹುದು ಅನ್ನೋದೂ ಸುಳ್ಳು. ನಮ್ಮ ದೇಶದ ಕಟ್ಟಡ ಮಾನದಂಡ ಐಎಸ್ 875ರ ಪ್ರಕಾರ ಜನ ಓಡಾಡೋ ತಾರಸಿಯನ್ನ ಚದರ ಮೀಟರಿಗೆ ಸುಮಾರು 150 ಕೆಜಿ ಹೊರೆಗೆ ಲೆಕ್ಕ ಹಾಕಿ ಕಟ್ಬೇಕು. ನಾನು ಹೇಳಿದ ಮಿಶ್ರಣದ ಒಂದು ಬ್ಯಾಗ್ ನೀರು ಕುಡಿದ ಮೇಲೆ 20 ಕೆಜಿ ಹತ್ರ, ಚದರ ಮೀಟರಿಗೆ ನಾಲ್ಕು ಇಟ್ರೆ 80. ನಿಮ್ಮ ತಾರಸಿ 28 ಚದರ ಮೀಟರ್ ಹತ್ರ ಇದೆ, ಎಲ್ಲ ಹರಡಿ ಇಟ್ರೆ ಆರಾಮಾಗಿ ಹಿಡಿಯತ್ತೆ. ಅದೇ ಬರೀ ಕೆಂಪು ಮಣ್ಣು ತುಂಬಿ ಒಂಬತ್ತೊಂಬತ್ತು ಬ್ಯಾಗ್ ಒತ್ತೊತ್ತಾಗಿ ಇಟ್ಟಿದ್ರೆ ಚದರ ಮೀಟರಿಗೆ 250 ಕೆಜಿ ದಾಟಿಬಿಡ್ತಿತ್ತು. ಗೋಡೆ ಪಕ್ಕ, ಕೆಳಗೆ ಬೀಮ್ ಇರೋ ಸಾಲಲ್ಲಿ ಇಡಿ, ನಡುವೆ ಓಡಾಡೋಕೆ ಬಿಡಿ. ಸಿಮೆಂಟ್ ಕುಂಡ ಆಸೆ ಬಿಡಿ, ಅದು ಖಾಲಿ ಇದ್ದಾಗ್ಲೇ ಹತ್ತು ಹದಿನೈದು ಕೆಜಿ. ಆದ್ರೆ ಇದೆಲ್ಲ ಆರ್‌ಸಿಸಿ ಮೋಲ್ಡ್‌ಗೆ ಹೇಳಿದ್ದು. ನಿಮ್ಮದು ಹಳೇ ಬಿಲ್ಡಿಂಗು, ಕಲ್ಲು ಚಪ್ಪಡಿನೋ, ಮರದ ತೊಲೆ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿನೋ ಆಗಿದ್ರೆ, ಇಲ್ಲಾ ಆರ್‌ಸಿಸಿನೇ ಆಗಿದ್ದು ಕೆಳಗಿನ ಸೀಲಿಂಗಲ್ಲಿ ಬಿರುಕು, ತುಕ್ಕು ಕಲೆ, ಮಳೇಲಿ ಒಸರು ಕಂಡಿದ್ರೆ, ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ ನೋಡ್ಸೋವರೆಗೂ ಒಂದು ಚೀಲವೂ ಹತ್ತಿಸ್ಬೇಡಿ.

ನಿಜವಾದ ಅಪಾಯ ತೋಟ ಆದ್ಮೇಲಲ್ಲ, ಸಾಮಾನು ಹತ್ತಿಸಿದ ಆ ದಿನ ಇರೋದು. ಎಲ್ಲರೂ ಸುಸ್ತಾಗಿರ್ತಾರೆ, ಬಂದ ಚೀಲವನ್ನೆಲ್ಲ ಮೆಟ್ಟಿಲ ಬಾಗಿಲ ಮುಂದೇ ಗುಡ್ಡೆ ಹಾಕಿಬಿಡ್ತಾರೆ. ನಿಮ್ಮ ನರ್ಸರಿಯವರ 900 ಕೆಜಿಯನ್ನ ಎರಡು ಚದರ ಮೀಟರಲ್ಲಿ ಪೇರಿಸಿದ್ರೆ ಲೆಕ್ಕ ಹಾಕಿ, ಚದರ ಮೀಟರಿಗೆ 450 ಕೆಜಿ, ಆ 150ರ ಮೂರು ಪಟ್ಟು. ನಾನು ಈ ಕೆಲಸ ಶುರು ಮಾಡಿದ ಹೊಸದ್ರಲ್ಲಿ ಒಂದು ಮನೇಲಿ ಸಂಜೆ ಮಣ್ಣು ಹತ್ತಿಸಿ, ತಾರಸಿ ನಡುವೆ ರಾಶಿ ಸುರಿದು, ನಾಳೆ ತುಂಬೋಣ ಅಂತ ಬಂದ್ಬಿಟ್ಟೆ. ರಾತ್ರಿ ಮಳೆ ಹೊಡೀತು. ಮಣ್ಣು ಹರಿದು ಮಳೆ ನೀರಿನ ಪೈಪ್ ಬಾಯಿ ಕಟ್ಕೊಂಡು ತಾರಸಿ ಪೂರ್ತಿ ಎರಡು ಇಂಚು ನೀರು ನಿಂತಿತ್ತು, ಎರಡು ಇಂಚು ನೀರು ಅಂದ್ರೇನೇ ಚದರ ಮೀಟರಿಗೆ 50 ಕೆಜಿ, ಅದರ ಮೇಲೆ ನೆಂದ ಮಣ್ಣಿನ ರಾಶಿ. ಬೆಳಗ್ಗೆ ಹೋದಾಗ ಕೆಳಗಿನ ರೂಮಲ್ಲಿ ಮಲಗಿದ್ದ ಅಜ್ಜಿ ಮಂಚದ ಮೇಲೆ ಸೀಲಿಂಗಿಂದ ನೀರು ತೊಟ್ಟಿಕ್ತಿತ್ತು. ಮೋಲ್ಡ್‌ಗೆ ಏನೂ ಆಗ್ಲಿಲ್ಲ, ಆದ್ರೆ ಆ ಅಜ್ಜಿ ಮುಖ ನಂಗೆ ಇವತ್ತಿಗೂ ಕಣ್ಣಮುಂದೆ ಇದೆ. ಅವತ್ತಿಂದ ಎರಡು ನಿಯಮ ಇಟ್ಕೊಂಡಿದೀನಿ. ಅವತ್ತು ಹತ್ತಿಸಿದ್ದು ಅವತ್ತೇ ಬ್ಯಾಗಿಗೆ ತುಂಬಿ ಅದರ ಜಾಗಕ್ಕೆ ಹೋಗ್ಬೇಕು, ಉಳಿದ್ರೆ ಚೀಲ ಬಿಚ್ಚದೆ ಗೋಡೆ ಉದ್ದಕ್ಕೂ ಒಂದೊಂದಾಗಿ ಮಲಗಿಸಿ ಟಾರ್ಪಾಲ್ ಹೊದಿಸ್ಬೇಕು. ಮಳೆ ಪೈಪಿನ ಬಾಯಿಗೆ ಮೊದಲೇ ಜಾಲರಿ ಹಾಕಿರ್ಬೇಕು. ಬ್ಯಾಗ್ ಕೆಳಗೆ ಇಟ್ಟಿಗೆ ತುಂಡೋ ಸ್ಟ್ಯಾಂಡೋ ಕೊಟ್ಟು ನಾಲ್ಕು ಇಂಚು ಎತ್ತರ ಇಡಿ, ನೀರು ಹರಿದು ಹೋಗತ್ತೆ, ಓನರ್ ಬಂದಾಗ ತಾರಸಿ ನೆಲ ಕಾಣತ್ತೆ, ಅವರಿಗೂ ಸಮಾಧಾನ.

ಗೇಟ್ ಹತ್ರ ಇಳ್ಸಿ ಹೋಗ್ತೀವಿ ಅಂದ್ರಲ್ಲ, ಬಿಡಿ ಮಣ್ಣು ರಸ್ತೇಲಿ ಸುರ್ಸ್‌ಬೇಡಿ. ಚೀಲದಲ್ಲೇ ಬರ್ಲಿ, ಬೆಳಗ್ಗೆ ಬೇಗ ಬರ್ಲಿ, ಬಿಸಿಲೇರೋ ಮುಂಚೆ ಹತ್ತಿಸಿ ಮುಗಿಸಿ, ಮಧ್ಯದ ಮಹಡಿಯವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿ, ಮುಗಿದ ಮೇಲೆ ಮೆಟ್ಟಿಲು ಗುಡಿಸಿಬಿಡಿ, ಟೈಲ್ಸ್ ಮೇಲೆ ಮಣ್ಣಿನ ಹುಡಿ ಬಿದ್ರೆ ವಯಸ್ಸಾದೋರು ಜಾರ್ತಾರೆ.

ಕೊನೇದಾಗಿ ನೀವು ಕೇಳದೇ ಇರೋದು ಒಂದಿದೆ. ಬಾಡಿಗೆ ಮನೆ, ಯಾವತ್ತೋ ಒಂದಿನ ಖಾಲಿ ಮಾಡ್ಬೇಕಾಗತ್ತೆ, ಆವಾಗ ಇದೆಲ್ಲ ಇಳಿಸೋದು ಹೇಗೆ? ವರ್ಷ ವರ್ಷ ಹೊಸ ಮಣ್ಣು ತರೋದು ಬೇಕಿಲ್ಲ, ಬೆಳೆ ಮುಗಿದ ಬ್ಯಾಗನ್ನ ಸುರಿದು ಬಿಸಿಲಿಗೆ ಹರಡಿ ಹಳೇ ಬೇರು ಆರಿಸಿ ಗೊಬ್ಬರ ಸೇರಿಸಿ ಮತ್ತೆ ತುಂಬಿದ್ರಾಯ್ತು, ಹಾಗಾಗಿ ತೂಕ ಹೆಚ್ಚಾಗ್ತಾ ಹೋಗಲ್ಲ. ಖಾಲಿ ಮಾಡೋಕೆ ಹದಿನೈದು ದಿನ ಮುಂಚೆ ನೀರು ನಿಲ್ಸಿ, ಬೆಳೆ ಕಿತ್ತು ಮಣ್ಣನ್ನ ತಾರಸೀಲೇ ತೆಳ್ಳಗೆ ಹರಡಿ ಒಣಗಿಸಿ, 20 ಕೆಜಿ ಬ್ಯಾಗ್ 10 ಕೆಜಿಗೆ ಇಳಿಯತ್ತೆ. ಅದೇ ಅಕ್ಕಿ ಚೀಲ, ಅದೇ ಸ್ಕೂಲ್ ಬ್ಯಾಗು ಇಟ್ಕೊಂಡಿರಿ, ಬಿಸಾಕ್ಬೇಡಿ.